ನಿಮಗಿದು ಗೊತ್ತೇ? ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಮದುವೆ ಪುಸ್ತಕದ ಕತೆಗಳು

ಇಂಗ್ಲೆಂಡಿನ ಚರ್ಚುಗಳಲ್ಲಿ ಮದುವೆಗಳನ್ನು ಬರೆದಿಡುವುದು ಕಡ್ಡಾಯವಾದದ್ದು ಯಾವ ದೊರೆಯ ಕಾಲದಲ್ಲಿ? ಆರು ಮದುವೆಯಾದ ಎಂಟನೇ ಹೆನ್ರಿಯ ಕಾಲದಲ್ಲಿ! ಆಜ್ಞೆ ಹೊರಟದ್ದು 1538ರ ಸೆಪ್ಟೆಂಬರಿನಲ್ಲಿ. ಆಗ ದೊರೆಯ ಮೂರು ಮದುವೆ ಮುಗಿದಿದ್ದವು, ಇನ್ನೂ ಮೂರು ಬಾಕಿ ಇದ್ದವು. ಆಜ್ಞೆ ಹೊರಡಿಸಿದವನು ಅವನ ಮಂತ್ರಿ ಥಾಮಸ್ ಕ್ರಾಮ್‌ವೆಲ್. ದೊರೆಗೆ ನಾಲ್ಕನೆಯ ಹೆಣ್ಣು ಗೊತ್ತುಮಾಡಿದವನೂ ಅವನೇ. ಆ ಹೆಣ್ಣು ದೊರೆಗೆ ಹಿಡಿಸಲಿಲ್ಲ, ಮಂತ್ರಿಯ ಗ್ರಹಚಾರ ಕೆಟ್ಟಿತು. 1540ರ ಜುಲೈ 28ರಂದು ಕ್ರಾಮ್‌ವೆಲ್‌ನ ತಲೆ ತೆಗೆಸಿದ ಹೆನ್ರಿ, ಅದೇ ದಿನ ಐದನೆಯ ಮದುವೆ ಮಾಡಿಕೊಂಡ.

ಆಜ್ಞೆ ಬಿಗಿಯಾಗಿಯೇ ಇತ್ತು. ಪ್ರತಿ ಪ್ಯಾರಿಷ್, ಅಂದರೆ ಒಂದೊಂದು ಚರ್ಚಿನ ಸರಹದ್ದು, ಒಂದು ಪುಸ್ತಕ ಇಡಬೇಕು. ದೀಕ್ಷಾಸ್ನಾನ, ಮದುವೆ, ಮಣ್ಣು ಮೂರನ್ನೂ ಪಾದ್ರಿ ಭಾನುವಾರಕ್ಕೊಮ್ಮೆ ಚರ್ಚಿನ ವಾರ್ಡನ್ ಎದುರಿಗೇ ಬರೆಯಬೇಕು. ಪುಸ್ತಕ ಇಡುವ ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿ ಪಾದ್ರಿ ಹತ್ತಿರ, ಇನ್ನೊಂದರದು ವಾರ್ಡನ್‌ಗಳ ಹತ್ತಿರ. ಬರೆಯಲು ತಪ್ಪಿದರೆ ದಂಡ 3 ಶಿಲಿಂಗ್ 4 ಪೆನ್ಸ್. ಆ ದುಡ್ಡು ಚರ್ಚಿನ ರಿಪೇರಿಗೆ. 1603ರ ಹೊತ್ತಿಗೆ ಅಪನಂಬಿಕೆ ಇನ್ನಷ್ಟು ಬೆಳೆದು ಪೆಟ್ಟಿಗೆಗೆ ಮೂರು ಬೀಗ ಬಿದ್ದವು.

ಊರಿನವರಿಗೆ ಮೊದಲ ದಿನದಿಂದಲೂ ಒಂದೇ ಅನುಮಾನ. ಹೆಸರು ಬರೆದುಕೊಳ್ಳುತ್ತಿದ್ದಾರೆ ಎಂದರೆ ನಾಳೆ ತೆರಿಗೆ ಹಾಕುತ್ತಾರೆ! ಅನುಮಾನ ಸುಳ್ಳಾಗಲಿಲ್ಲ, ತಡವಾಯಿತು ಅಷ್ಟೇ. ಫ್ರಾನ್ಸ್ ಜೊತೆಗಿನ ಯುದ್ಧಕ್ಕೆ ದುಡ್ಡು ಬೇಕಾಗಿ 1695ರಲ್ಲಿ ಹುಟ್ಟು, ಮದುವೆ, ಸಾವು ಮೂರಕ್ಕೂ ತೆರಿಗೆ ಬಿತ್ತು. ಸಾಮಾನ್ಯನ ಮದುವೆಗೆ ಎರಡೂವರೆ ಶಿಲಿಂಗ್, ಡ್ಯೂಕನ ಮದುವೆಗೆ 50 ಪೌಂಡ್. ಹಾಗಾದರೆ ಮದುವೆಯೇ ಬೇಡ ಎಂದುಕೊಂಡವರನ್ನೂ ಬಿಡಲಿಲ್ಲ. 25 ದಾಟಿದ ಬ್ರಹ್ಮಚಾರಿಗೆ ವರ್ಷಕ್ಕೊಂದು ಶಿಲಿಂಗ್!

1783ರಲ್ಲಿ ಮತ್ತೆ ತೆರಿಗೆ ಬಂತು. ಈ ಸಲ ಪುಸ್ತಕದ ಒಂದೊಂದು ನಮೂದಿಗೂ 3 ಪೆನ್ಸ್. ವಸೂಲಿ ಮಾಡಬೇಕಾದವನು ಪಾದ್ರಿ, ಅವನಿಗೆ ನೂರಕ್ಕೆ ಹತ್ತು ಕಮಿಷನ್. ಕಡುಬಡವರಿಗೆ ವಿನಾಯಿತಿ ಇತ್ತು. ಆದ್ದರಿಂದ ಈ ಹನ್ನೊಂದು ವರ್ಷದ ನಮೂದುಗಳ ಪಕ್ಕದಲ್ಲಿ ‘ಬಡವ’ ಎಂಬ ಗುರುತು ಕಂಡರೆ ಪೂರ್ತಿ ನಂಬಬೇಡಿ. 3 ಪೆನ್ಸ್ ಉಳಿಸಿಕೊಟ್ಟ ಕರುಣಾಳು ಪಾದ್ರಿಯೂ ಅಲ್ಲಿರಬಹುದು.

1538ರಿಂದಲೇ ಬರೆಯಬೇಕು ಎಂದಿದ್ದರೂ ಎಷ್ಟೋ ಹಳ್ಳಿಗಳ ಪುಸ್ತಕ ಶುರುವಾಗುವುದು 1558ರಿಂದ. ಯಾಕೆ? ಕಾಗದದ ಹಳೆಯ ಪುಸ್ತಕಗಳು ಹಾಳಾಗುತ್ತಿವೆ, ಎಲ್ಲವನ್ನೂ ಚರ್ಮದ ಹಾಳೆಗೆ ನಕಲು ಮಾಡಿ ಎಂದು 1598ರಲ್ಲಿ ಅಪ್ಪಣೆಯಾಯಿತು. ‘ವಿಶೇಷವಾಗಿ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ ವರ್ಷದಿಂದ’ ಎಂಬ ಮಾತೂ ಅದರಲ್ಲಿ ಸೇರಿತ್ತು. ಗುಮಾಸ್ತರಿಗೆ ಅಷ್ಟು ಸಾಕಾಯಿತು. ಮೊದಲ ಇಪ್ಪತ್ತು ವರ್ಷದ ಮದುವೆಗಳು ಅಲ್ಲೇ ಹಾರಿಹೋದವು.

ಶಾಯಿ ಯಾವುದು ಎಂದು ಕೇಳಿದರೆ ನಮ್ಮ ಗ್ರಂಥಿಗೆ ಅಂಗಡಿಯವರು ಥಟ್ಟನೆ ಗುರುತಿಸಿಯಾರು. ಓಕ್ ಜಾತಿಯ ಮರದ ಗಂಟು, ಅಂದರೆ ಮಾಚಿಕಾಯಿ. ಅದಕ್ಕೆ ಅನ್ನಭೇದಿ ಮತ್ತು ಗೋಂದು. ಬರೆಯುವಾಗ ತೆಳುವಾಗಿ ಕಾಣುವ ಈ ಶಾಯಿ ಗಾಳಿಗೆ ಕಪ್ಪಾಗುತ್ತ ಹಾಳೆಯನ್ನು ಕಚ್ಚಿಕೊಳ್ಳುತ್ತದೆ. ಕೆರೆದು ತೆಗೆದರೂ ಗುರುತು ಉಳಿಯುತ್ತದೆ. ಸರ್ಕಾರಿ ದಾಖಲೆಗೆ ಇನ್ನೇನು ಬೇಕು?

ಹಳೆಯ ಪುಸ್ತಕದಲ್ಲಿ 1720ರ ಫೆಬ್ರವರಿಯ ಮದುವೆ ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1721. ಆಗ ಅಲ್ಲಿ ಹೊಸ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ಕ್ಕೆ. ಜನವರಿ 1ರ ಲೆಕ್ಕ ಬಂದದ್ದು 1752ರಲ್ಲಿ. ಆ ವರ್ಷ ಸೆಪ್ಟೆಂಬರ್ 2 ಆದಮೇಲೆ ಬಂದದ್ದು ನೇರ 14. ನಡುವಿನ ಹನ್ನೊಂದು ದಿನ ಇಂಗ್ಲೆಂಡಿನಲ್ಲಿ ಯಾರ ಮದುವೆಯೂ ಇಲ್ಲ, ಸಾವೂ ಇಲ್ಲ.

1733ಕ್ಕೆ ಮುಂಚೆ ಲ್ಯಾಟಿನ್‌ನಲ್ಲಿ ಬರೆಯುವ ಶೋಕಿಯೂ ಇತ್ತು. ಹೊಲ ಉಳುವ ವಿಲಿಯಂ ಪುಸ್ತಕದಲ್ಲಿ ಗುಲಿಯೆಲ್ಮಸ್, ಜೇಮ್ಸ್ ಜಾಕೋಬಸ್. ತಮ್ಮ ಹೆಸರನ್ನು ಓದಿ ಹೇಳಿದ್ದರೂ ಅವರಿಗೆ ಗುರುತು ಸಿಗುತ್ತಿರಲಿಲ್ಲ.

ಅರಸೊತ್ತಿಗೆ ಕಿತ್ತುಹಾಕಿದ ಕಾಲದಲ್ಲಿ, 1653ರಿಂದ ಕೆಲವು ವರ್ಷ, ಮದುವೆ ಮಾಡಿಸುವ ಅಧಿಕಾರ ಪಾದ್ರಿಗಳ ಕೈತಪ್ಪಿ ಮ್ಯಾಜಿಸ್ಟ್ರೇಟರ ಕೈಗೆ ಹೋಗಿತ್ತು. ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಚರ್ಚಿನಲ್ಲಿ ಓದಿಸಬಹುದಿತ್ತು. ಅದು ಬೇಡ ಎಂದವರು ಮೂರು ವಾರ ಸಂತೆಯಲ್ಲಿ ಕೂಗಿಸಬಹುದಿತ್ತು. ತರಕಾರಿ ವ್ಯಾಪಾರದ ನಡುವೆ ‘ಇವರಿಬ್ಬರ ಮದುವೆಗೆ ಯಾರದಾದರೂ ತಕರಾರು ಇದೆಯೇ?’ ಎಂಬ ಕೂಗು!

ಷೇಕ್ಸ್‌ಪಿಯರನ ಮದುವೆ ಯಾವ ಚರ್ಚಿನಲ್ಲಿ ನಡೆಯಿತು? ಅದನ್ನು ಹೇಳುವ ಪ್ಯಾರಿಷ್ ಪುಸ್ತಕ ಸಿಕ್ಕಿಲ್ಲ. ಅವನ ದೀಕ್ಷಾಸ್ನಾನದ ನಮೂದು 1564ರ ಏಪ್ರಿಲ್ 26ರಂದು ಸ್ಟ್ರಾಟ್‌ಫರ್ಡಿನಲ್ಲಿ ಅಚ್ಚುಕಟ್ಟಾಗಿದೆ. ಮದುವೆಗೆ ಮಾತ್ರ ವುಸ್ಟರ್ ಬಿಷಪ್ಪರ ಕಚೇರಿಯ ಕಾಗದಗಳೇ ಗತಿ. ಅಲ್ಲಿ 1582ರ ನವೆಂಬರ್ 27ರ ಲೈಸೆನ್ಸ್ ನಮೂದಿನಲ್ಲಿ ವಧು ಟೆಂಪಲ್ ಗ್ರಾಫ್ಟನ್ ಊರಿನ ಆ್ಯನ್ ವ್ಹೇಟ್ಲಿ. ಮಾರನೆಯ ದಿನ 40 ಪೌಂಡಿಗೆ ಬರೆದುಕೊಟ್ಟ ಮುಚ್ಚಳಿಕೆಯಲ್ಲಿ ವಧು ಆ್ಯನ್ ಹ್ಯಾಥವೇ! ಒಂದೇ ರಾತ್ರಿಯಲ್ಲಿ ಹೆಣ್ಣು ಬದಲಾಯಿತೇ? ಇದರ ಮೇಲೆ ಕಾದಂಬರಿಗಳೇ ಹುಟ್ಟಿವೆ. ಗುಮಾಸ್ತನ ಕೈತಪ್ಪು ಎನ್ನುವುದೇ ಹೆಚ್ಚಿನ ವಿದ್ವಾಂಸರ ತೀರ್ಮಾನ, ನನಗೂ ಅದೇ ಸರಿ ಕಾಣುತ್ತದೆ. ಅವಸರ ಯಾಕಿತ್ತು ಎಂಬುದಕ್ಕೆ ಮಾತ್ರ ಪುರಾವೆ ಬೇಕಿಲ್ಲ. ಆರು ತಿಂಗಳಿಗೆ ಮಗಳು ಸುಸಾನಾಳ ದೀಕ್ಷಾಸ್ನಾನದ ನಮೂದು ಸ್ಟ್ರಾಟ್‌ಫರ್ಡ್ ಪುಸ್ತಕದಲ್ಲಿದೆ.

ಬಸುರಾದ ಮೇಲೆ ಮದುವೆ ಅಲ್ಲಿ ಅಪರೂಪವೇನೂ ಆಗಿರಲಿಲ್ಲ. ಮದುವೆಯ ತಾರೀಖಿಗೂ ಮೊದಲ ಮಗುವಿನ ದೀಕ್ಷಾಸ್ನಾನದ ತಾರೀಖಿಗೂ ಇರುವ ಅಂತರವನ್ನು ಲೆಕ್ಕ ಹಾಕಿದ ಚರಿತ್ರೆಕಾರರ ಪ್ರಕಾರ 18ನೇ ಶತಮಾನದ ಕೊನೆಗೆ ಹಳ್ಳಿಯ ವಧುಗಳಲ್ಲಿ ಮೂರರಲ್ಲಿ ಒಬ್ಬಳಾದರೂ ಬಸುರಿ.

ಪುಸ್ತಕಗಳಲ್ಲೆಲ್ಲ ಅತಿ ಸೊಗಸಾದ ನಮೂದು ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಮತ ಲೆಸ್ಟರಿನ ಸೇಂಟ್ ಮಾರ್ಟಿನ್ಸ್ ಚರ್ಚಿಗೆ. ಅದು ಹಳ್ಳಿಯಲ್ಲ, ಪೇಟೆ. ಆದರೂ ಬಿಡಲು ಮನಸ್ಸಿಲ್ಲ. 1576ರ ಫೆಬ್ರವರಿ 5ರಂದು ಅಲ್ಲಿ ಮದುವೆಗೆ ನಿಂತ ವರನಿಗೆ ಕಿವಿ ಕೇಳದು, ಮಾತು ಬಾರದು. ‘ಒಪ್ಪಿದ್ದೇನೆ’ ಎಂದು ಬಾಯಲ್ಲಿ ಹೇಳದೆ ಮದುವೆ ಹೇಗೆ? ಹಿರಿಯರ ಸಮ್ಮತಿ ಪಡೆದು ಸನ್ನೆಯಲ್ಲೇ ಹೇಳಿಸಿದರು. ಅವನು ಮಾಡಿದ ಒಂದೊಂದು ಸನ್ನೆಯೂ ಪುಸ್ತಕದಲ್ಲಿದೆ. ಮೊದಲು ಅವಳನ್ನು ತೋಳಿನಲ್ಲಿ ಬಳಸಿದ, ಕೈ ಹಿಡಿದ, ಬೆರಳಿಗೆ ಉಂಗುರ ತೊಡಿಸಿದ. ಎದೆಯ ಮೇಲೆ ಕೈಯಿಟ್ಟ, ಎರಡೂ ಕೈಗಳನ್ನು ಆಕಾಶಕ್ಕೆ ಎತ್ತಿದ. ‘ಸಾಯುವ ತನಕ’ ಎನ್ನುವುದನ್ನು ಹೇಗೆ ತೋರಿಸುವುದು? ಕೈಯಿಂದ ಕಣ್ಣು ಮುಚ್ಚಿಕೊಂಡ, ಕಾಲಿನಿಂದ ನೆಲ ಅಗೆಯುವಂತೆ ಮಾಡಿದ, ಸಾವಿನ ಗಂಟೆಯ ಹಗ್ಗ ಜಗ್ಗುವಂತೆ ಅಭಿನಯಿಸಿದ. ಒಂದು ಸಾಲು ಗೀಚಿ ಮುಗಿಸಬಹುದಾಗಿದ್ದ ಜಾಗದಲ್ಲಿ ಇಷ್ಟನ್ನೂ ಬರೆದಿಟ್ಟವನಿಗೆ ಕೈಮುಗಿಯಬೇಕು.

ವಿಲ್ಟ್‌ಷೈರಿನ ಚಿಟರ್ನ್ ಹಳ್ಳಿಯ 1714ರ ನಮೂದು ಬೇರೆಯದೇ ಬಗೆಯದು. ಅಲ್ಲೊಬ್ಬಳು ಒಳಗಿನ ನಿಲುವಂಗಿ ಒಂದನ್ನೇ ತೊಟ್ಟು, ತಲೆಗೂ ಏನೂ ಇಲ್ಲದೆ ಮದುವೆಗೆ ನಿಂತಳು ಎಂದು ಪಾದ್ರಿ ಬರೆದಿದ್ದಾನೆ. ಹುಚ್ಚಲ್ಲ, ಲೆಕ್ಕಾಚಾರ! ಗಂಡನಾದವನು ಹೆಂಡತಿಯ ಹಳೆಯ ಸಾಲವನ್ನೂ ಹೊರಬೇಕಿತ್ತು. ಮೈಮೇಲೆ ಏನನ್ನೂ ತಾರದೆ ಬಂದವಳ ಸಾಲಕ್ಕೆ ಗಂಡ ಹೊಣೆಯಲ್ಲ ಎಂಬುದು ಜನರ ನಂಬಿಕೆ. ಕಾನೂನಿನ ಪುಸ್ತಕದಲ್ಲಿ ಹಾಗೇನೂ ಇರಲಿಲ್ಲ.

ಮನೆಯವರ ಕಣ್ಣು ತಪ್ಪಿಸಿ ಮದುವೆಯಾಗುವವರಿಗೂ ಹಳ್ಳಿಗಳಿದ್ದವು. ಡರ್ಬಿಷೈರಿನ ಪೀಕ್ ಫಾರೆಸ್ಟ್ ಚರ್ಚು ಯಾವ ಬಿಷಪ್ಪನ ಹತೋಟಿಗೂ ಸೇರಿರಲಿಲ್ಲ. ಹೊರಗಿನಿಂದ ಬಂದು ಮದುವೆಯಾದವರಿಗೆಂದೇ ಅಲ್ಲಿ ಬೇರೆ ಪುಸ್ತಕ ಇತ್ತು!

ಈ ಗುಟ್ಟಿನ ಮದುವೆಗಳಿಗೆ ಕಡಿವಾಣ ಹಾಕಿದ್ದು ಲಾರ್ಡ್ ಹಾರ್ಡ್‌ವಿಕ್ ತಂದ 1753ರ ಕಾನೂನು. 1754ರ ಮಾರ್ಚ್ 25ರಿಂದ ಅದು ಜಾರಿ. ಮೂರು ಭಾನುವಾರ ಪ್ರಕಟಣೆ ಓದಬೇಕು ಇಲ್ಲವೇ ಲೈಸೆನ್ಸ್ ತರಬೇಕು. ಲೈಸೆನ್ಸಿನ ಮೇಲೆ ಮದುವೆಯಾಗುವ 21 ತುಂಬದವರಿಗೆ ತಂದೆಯ ಒಪ್ಪಿಗೆ ಬೇಕು. ವಧೂವರರು, ಇಬ್ಬರು ಸಾಕ್ಷಿಗಳು, ಪಾದ್ರಿ ಎಲ್ಲರ ರುಜು ಬೀಳಬೇಕು. ಪುಸ್ತಕದಲ್ಲಿ ಸುಳ್ಳು ನಮೂದು ಸೃಷ್ಟಿಸಿದವನಿಗೆ ಮರಣದಂಡನೆ! ಯಹೂದಿಗಳು, ಕ್ವೇಕರ್ ಪಂಥದವರು ಮತ್ತು ಅರಮನೆಯವರು ಮಾತ್ರ ಇದರಿಂದ ಹೊರಗೆ. ಸ್ಕಾಟ್ಲೆಂಡಿಗೆ ಈ ಕಾನೂನು ಅನ್ವಯಿಸಲಿಲ್ಲ. ಗಡಿ ದಾಟಿದರೆ ಸಿಗುವ ಗ್ರೆಟ್ನಾ ಗ್ರೀನ್ ಎಂಬ ಊರಿಗೆ ಅದೃಷ್ಟ ಖುಲಾಯಿಸಿದ್ದು ಹೀಗೆ.

ಕಾನೂನಿನ ಜೊತೆಗೇ ಬಂದವು ಅಚ್ಚುಹಾಕಿದ ನಮೂನೆಯ ಪುಸ್ತಕಗಳು. ಮೊದಲ ಹಾಳೆಯಲ್ಲಿ ‘ಹೀಗೆ ತುಂಬಿರಿ’ ಎಂಬ ಮಾದರಿ, ಹೆಸರಿನ ಜಾಗದಲ್ಲಿ ಖಾಲಿ. ಹ್ಯಾಂಪ್‌ಷೈರಿನ ಸ್ಟೀವೆಂಟನ್ ಹಳ್ಳಿಯಲ್ಲಿ ಪಾದ್ರಿಯ ತುಂಟ ಮಗಳೊಬ್ಬಳಿಗೆ ಆ ಖಾಲಿ ಜಾಗ ಕಣ್ಣಿಗೆ ಬಿತ್ತು. ಪ್ರಕಟಣೆಯ ಮಾದರಿಯಲ್ಲಿ ತನ್ನ ಹೆಸರಿಗೆ ಲಂಡನ್ನಿನ ಹೆನ್ರಿ ಫ್ರೆಡರಿಕ್ ಹೊವರ್ಡ್ ಫಿಟ್ಜ್‌ವಿಲಿಯಂ ಎಂಬ ಉದ್ದ ಹೆಸರಿನ ವರನನ್ನು ಜೋಡಿಸಿದಳು. ಮದುವೆಯ ಮಾದರಿಗೆ ಬಂದಾಗ ವರ ಬದಲು; ಈಗ ಲಿವರ್‌ಪೂಲಿನ ಎಡ್ಮಂಡ್ ಆರ್ಥರ್ ವಿಲಿಯಂ ಮಾರ್ಟಿಮರ್. ಸಾಕ್ಷಿಗಳ ಜಾಗ ತುಂಬುವ ಹೊತ್ತಿಗೆ ಶ್ರೀಮಂತಿಕೆಯ ಆಸೆಯೂ ಇಳಿದು ಬರೀ ಜ್ಯಾಕ್ ಸ್ಮಿತ್‌ನ ಹೆಂಡತಿಯಾದಳು. ಹುಡುಗಿಯ ಹೆಸರು ಜೇನ್ ಆಸ್ಟಿನ್. ಮದುವೆಯ ಸುತ್ತಲೇ ಆರು ಕಾದಂಬರಿ ಬರೆದು ಮುಗಿಸಿದ ಅವಳಿಗೆ ಬದುಕಿನಲ್ಲಿ ಮದುವೆಯಾಗಲಿಲ್ಲ. ಸರ್ಕಾರಿ ದಾಖಲೆಯಲ್ಲಿ ಅವಳು ಮದುಮಗಳಾಗಿರುವುದು ತಾನೇ ಗೀಚಿದ ಆ ಹಾಳೆಯಲ್ಲಿ ಮಾತ್ರ. ಅಪ್ಪ ಅದನ್ನು ಹರಿಯಲಿಲ್ಲ. ಪುಸ್ತಕ ಈಗ ವಿಂಚೆಸ್ಟರಿನ ದಾಖಲೆ ಭಂಡಾರದಲ್ಲಿ ಭದ್ರವಾಗಿದೆ.

1802ರ ಅಕ್ಟೋಬರ್ ಮೊದಲ ವಾರ. ಎರಡೇ ದಿನದ ಅಂತರದಲ್ಲಿ ಎರಡು ಹಳ್ಳಿ ಮದುವೆಗಳು. 4ರಂದು ಯಾರ್ಕ್‌ಷೈರಿನ ಬ್ರಾಂಪ್ಟನ್‌ನಲ್ಲಿ ಕವಿ ವರ್ಡ್ಸ್‌ವರ್ತ್ ಮೇರಿ ಹಚಿನ್‌ಸನ್‌ಳ ಕೈಹಿಡಿದ. ಅಣ್ಣನನ್ನು ಹಚ್ಚಿಕೊಂಡಿದ್ದ ತಂಗಿ ಡೊರೊಥಿ ಊರಲ್ಲೇ ಇದ್ದರೂ ಚರ್ಚಿಗೆ ಬರಲಿಲ್ಲ. ಅದಕ್ಕೆ ಎರಡು ದಿನ ಮುಂಚೆ, 2ರಂದು, ಸರೋವರಗಳ ಸೀಮೆಯ ಲಾರ್ಟನ್ ಚರ್ಚಿನಲ್ಲಿ ಬಟರ್‌ಮಿಯರ್ ಹಳ್ಳಿಯ ಹೋಟೆಲಿನವರ ಮಗಳು, ಚೆಲುವಿಗೆ ಹೆಸರಾಗಿದ್ದ ಮೇರಿ ರಾಬಿನ್‌ಸನ್ ಒಬ್ಬ ದೊಡ್ಡ ಮನುಷ್ಯನನ್ನು ಮದುವೆಯಾದಳು. ಪುಸ್ತಕದಲ್ಲಿ ಅವನ ಹೆಸರು ಹೋಪ್. ಅರ್ಲ್ ಒಬ್ಬನ ತಮ್ಮ, ಕರ್ನಲ್, ಪಾರ್ಲಿಮೆಂಟ್ ಸದಸ್ಯ ಎಂದು ಊರನ್ನೆಲ್ಲ ನಂಬಿಸಿದ್ದ. ಕವಿ ಕೋಲ್‌ರಿಜ್ ಈ ಮದುವೆಯ ಸುದ್ದಿಯನ್ನು ಲಂಡನ್ ಪತ್ರಿಕೆಗೆ ಬರೆದ, ನಿಜವಾದ ಹೋಪ್‌ನನ್ನು ಬಲ್ಲವರು ಹುಬ್ಬೇರಿಸಿದರು. ಬಂಡವಾಳ ಬಯಲಾಯಿತು. ವರನ ನಿಜ ಹೆಸರು ಜಾನ್ ಹ್ಯಾಟ್‌ಫೀಲ್ಡ್, ಬೇರೆ ಕಡೆ ಹೆಂಡತಿ ಮಕ್ಕಳಿದ್ದವನು. 1803ರ ಸೆಪ್ಟೆಂಬರಿನಲ್ಲಿ ಕಾರ್ಲೈಲಿನಲ್ಲಿ ಅವನನ್ನು ನೇಣಿಗೆ ಹಾಕಿದರು. ಹುಡುಗಿಗೆ ಮಾಡಿದ ಮೋಸಕ್ಕಲ್ಲ! ಪಾರ್ಲಿಮೆಂಟ್ ಸದಸ್ಯನ ರುಜು ಹಾಕಿ ಪುಕ್ಕಟೆ ಅಂಚೆ ಕಳಿಸಿದ ಫೋರ್ಜರಿಗೆ. ಅಂಚೆ ಇಲಾಖೆಯ ನಷ್ಟಕ್ಕೆ ಇದ್ದ ಬೆಲೆ ಹೆಣ್ಣಿನ ಬಾಳಿಗೆ ಇರಲಿಲ್ಲ. ಮೇರಿ ಮುಂದೆ ಕಾಲ್ಡ್‌ಬೆಕ್ ಊರಿನ ರೈತನನ್ನು ಮದುವೆಯಾಗಿ ಸಂಸಾರ ನಡೆಸಿದಳು. ವರ್ಡ್ಸ್‌ವರ್ತ್ ತನ್ನ ‘ಪ್ರೆಲ್ಯೂಡ್’ ಕಾವ್ಯದಲ್ಲಿ ಅವಳನ್ನು ನೆನೆದಿದ್ದಾನೆ.

ಒಲ್ಲದ ಗಂಡನ್ನು ಹಿಡಿದು ತಂದು ಮದುವೆ ಮಾಡಿಸುವುದೂ ಇತ್ತು. ನಾರ್ಫೋಕ್ ಪ್ರಾಂತದ ಪಾದ್ರಿ ಜೇಮ್ಸ್ ವುಡ್‌ಫರ್ಡ್ ದಿನಚರಿ ಬರೆದು ಹೆಸರಾದವನು. 1787ರ ಜನವರಿಯಲ್ಲಿ ಪಕ್ಕದ ರಿಂಗ್‌ಲ್ಯಾಂಡ್‌ನಲ್ಲಿ ಅವನು ಮಾಡಿಸಿದ ಮದುವೆಗೆ ವರ ಬಂದದ್ದು ಕಾವಲಿನಲ್ಲಿ. ವಧು ಬಸುರಿ. ಚರ್ಚಿನ ಅಂಗಳದಲ್ಲಿ ಬಹಳ ಹೊತ್ತು ಪುಸಲಾಯಿಸಿದ ಮೇಲೆ ಅವನು ಒಪ್ಪಿದ. ಇಂಥ ಬಲವಂತದ ಮದುವೆ ಕ್ರೂರ ಎಂದು ಪಾದ್ರಿಯೇ ನೊಂದು ಬರೆದಿದ್ದಾನೆ. ಪ್ಯಾರಿಷ್ ಅಧಿಕಾರಿಗಳಿಗೆ ಇದರಲ್ಲಿ ಏನು ಆಸಕ್ತಿ? ಗಂಡಿಲ್ಲದೆ ಹುಟ್ಟಿದ ಮಗುವಿನ ಅನ್ನದ ಖರ್ಚು ಅದು ಹುಟ್ಟಿದ ಪ್ಯಾರಿಷ್ ತಲೆಯ ಮೇಲೆ ಬರುತ್ತಿತ್ತು. ಮದುವೆಯಾದರೆ ಹೊಣೆ ಗಂಡನದು, ಇಲ್ಲವೇ ಗಂಡನ ಊರಿನದು. ನಮೂದಿನಲ್ಲಿ ಇದಾವುದೂ ಕಾಣುವುದಿಲ್ಲ. ಅದರ ಮಟ್ಟಿಗೆ ಅದೂ ಎಲ್ಲರ ಮದುವೆಯಂಥದೇ.

ರುಜು ಹಾಕಲು ಬಾರದವರು ಹೆಬ್ಬೆಟ್ಟು ಒತ್ತುತ್ತಿರಲಿಲ್ಲ, ಕತ್ತರಿ ಗುರುತು ಎಳೆಯುತ್ತಿದ್ದರು. ಇಂಗ್ಲೆಂಡಿನ ಸಾಕ್ಷರತೆಯ ಚರಿತ್ರೆ ನಿಂತಿರುವುದೇ ಈ ಗುರುತುಗಳ ಎಣಿಕೆಯ ಮೇಲೆ. 1750ರ ದಶಕದಲ್ಲಿ ವರರಲ್ಲಿ ಸುಮಾರು ನೂರಕ್ಕೆ 60, ವಧುಗಳಲ್ಲಿ ನೂರಕ್ಕೆ 40ರ ಆಸುಪಾಸು ಮಂದಿಗೆ ಹೆಸರು ಬರೆಯಲು ಬರುತ್ತಿತ್ತು. 1840ರ ಹೊತ್ತಿಗೆ ಗಂಡಸರಲ್ಲಿ ಮೂರರಲ್ಲಿ ಇಬ್ಬರು, ಹೆಂಗಸರಲ್ಲಿ ಅರ್ಧದಷ್ಟು. ವರನಿಗೆ ಬರೆಯಲು ಬಾರದಿದ್ದಾಗ ಅವನ ಮಾನ ಉಳಿಸಲು ತನಗೆ ಬಂದರೂ ಕತ್ತರಿ ಗುರುತೇ ಹಾಕಿದ ವಧುಗಳೂ ಇದ್ದರು ಎಂಬ ಮಾತಿದೆ. ಎಷ್ಟು ಮಂದಿಯೋ, ಗುರುತು ನೋಡಿ ಹೇಳುವಂತಿಲ್ಲ.

ಹಳ್ಳಿಯಲ್ಲಿ ಕುರಿ ಹೆಚ್ಚೋ ಗೋಧಿ ಹೆಚ್ಚೋ ಎಂಬುದನ್ನೂ ಮದುವೆ ಪುಸ್ತಕ ಹೇಳುತ್ತದೆ! ಗೋಧಿಯ ಊರಿನಲ್ಲಿ ಸುಗ್ಗಿ ಮುಗಿದು ಕೂಲಿ ಕೈಗೆ ಬಂದ ಮೇಲೆ, ಅಕ್ಟೋಬರ್ ನವೆಂಬರಿನಲ್ಲಿ ಮದುವೆಗಳ ಸಾಲು. ಕುರಿ ದನಗಳ ಊರಿನಲ್ಲಿ ಮರಿ ಹಾಕುವ ಕಾಲ ಕಳೆದ ಮೇಲೆ, ಏಪ್ರಿಲ್ ಮೇ ಜೂನಿನಲ್ಲಿ. ಆ್ಯನ್ ಕುಸ್‌ಮಾಲ್ ಎಂಬ ಚರಿತ್ರೆಕಾರ್ತಿ 542 ಪ್ಯಾರಿಷ್‌ಗಳ ಮದುವೆ ತಿಂಗಳುಗಳನ್ನು ಎಣಿಸಿ, ಯಾವ ಸೀಮೆ ಯಾವಾಗ ಬೇಸಾಯ ಬಿಟ್ಟು ಕುರಿ ಹಿಡಿಯಿತು ಎಂದು ತೋರಿಸಿಕೊಟ್ಟರು.

ಆ ಕಾಲದಲ್ಲಿ ಹುಡುಗಿಯರಿಗೆ ಹದಿನಾಲ್ಕು ಹದಿನೈದಕ್ಕೆಲ್ಲ ಮದುವೆಯಾಗುತ್ತಿತ್ತು ಎಂದು ‘ರೋಮಿಯೊ ಜೂಲಿಯೆಟ್’ ನೋಡಿದವರು ಅಂದುಕೊಳ್ಳುವುದುಂಟು. ಕಾನೂನಿನಲ್ಲಿ 1929ರವರೆಗೂ ಹುಡುಗಿಗೆ 12, ಹುಡುಗನಿಗೆ 14 ತುಂಬಿದ್ದರೆ ಸಾಕಿತ್ತು, ನಿಜ. ಆದರೆ ಪುಸ್ತಕಗಳ ಲೆಕ್ಕ ಬೇರೆ. ಡೆವನ್ ಸೀಮೆಯ ಕೋಲಿಟನ್ ಎಂಬ ಊರಿನ ನಮೂದುಗಳನ್ನು ಟೋನಿ ರಿಗ್ಲಿ 1966ರಲ್ಲಿ ಕುಟುಂಬ ಕುಟುಂಬವಾಗಿ ಜೋಡಿಸಿ ನೋಡಿದಾಗ, 17ನೇ ಶತಮಾನದ ನಡುವಿನಿಂದ 18ರ ಆರಂಭದವರೆಗೆ ಅಲ್ಲಿನ ವಧುಗಳ ಸರಾಸರಿ ವಯಸ್ಸು 30ರ ಹತ್ತಿರ ಬಂತು. ಹುಡುಗ ಹುಡುಗಿ ಇಬ್ಬರೂ ಬೇರೆಯವರ ಮನೆಯಲ್ಲಿ ಆಳಾಗಿ ದುಡಿದು, ಬೇರೆ ಮನೆ ಹೂಡುವಷ್ಟು ಕೂಡಿಟ್ಟ ಮೇಲೆಯೇ ಚರ್ಚಿನ ಮೆಟ್ಟಿಲು ಹತ್ತುತ್ತಿದ್ದರು.

ಯಾರು ಯಾರನ್ನು ಮದುವೆಯಾಗಬಾರದು ಎಂಬ ಪಟ್ಟಿ ಚರ್ಚಿನ ಗೋಡೆಯ ಮೇಲೆ ನೇತಾಡುತ್ತಿತ್ತು. 1563ರ ಆ ಪಟ್ಟಿಯ ಮೊದಲ ಸಾಲು: ಗಂಡಸು ತನ್ನ ಅಜ್ಜಿಯನ್ನು ಮದುವೆಯಾಗುವಂತಿಲ್ಲ! ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಪದ್ಧತಿ ಅಲ್ಲಿ ನಿಷಿದ್ಧ. ಸತ್ತ ಹೆಂಡತಿಯ ತಂಗಿಯೂ 1907ರವರೆಗೆ ವರ್ಜ್ಯ. ಆದರೆ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಿಗೂ ಅಡ್ಡಿಯಿಲ್ಲ. ಚಾರ್ಲ್ಸ್ ಡಾರ್ವಿನ್ 1839ರ ಜನವರಿ 29ರಂದು ಸ್ಟಾಫರ್ಡ್‌ಷೈರಿನ ಮೇರ್ ಹಳ್ಳಿಯ ಚರ್ಚಿನಲ್ಲಿ ಮದುವೆಯಾದದ್ದು ಸೋದರಮಾವನ ಮಗಳು ಎಮ್ಮಾಳನ್ನು. ಮದುವೆ ಮಾಡಿಸಿದ ಪಾದ್ರಿಯೂ ಅದೇ ಬಳಗದವನು.

ಕಾನೂನು ಬರೆಯುವವರೂ ನಗೆಪಾಟಲಾಗುತ್ತಾರೆ. 1812ರ ರಿಜಿಸ್ಟರು ಕಾಯಿದೆಯ ಪ್ರಕಾರ ವಿಧಿಸಿದ ಶಿಕ್ಷೆಯಲ್ಲಿ ಅರ್ಧ ಸುಳಿವು ಕೊಟ್ಟವನಿಗೆ, ಇನ್ನರ್ಧ ಊರಿನ ಬಡವರಿಗೆ. ದಂಡದ ದುಡ್ಡಾಗಿದ್ದರೆ ಸರಿ. ಆದರೆ ಕಾಯಿದೆಯಲ್ಲಿ ಇದ್ದ ಒಂದೇ ಶಿಕ್ಷೆ 14 ವರ್ಷದ ದ್ವೀಪಾಂತರ! ಸುಳಿವು ಕೊಟ್ಟವನು ಏಳು ವರ್ಷ, ಬಡವರೆಲ್ಲ ಸೇರಿ ಏಳು ವರ್ಷ.

1886ರವರೆಗೆ ಮಧ್ಯಾಹ್ನ 12ರ ಒಳಗೆ ಮದುವೆ ಮುಗಿಯಬೇಕಿತ್ತು. ಆಮೇಲೆ 3 ಗಂಟೆ, 1934ರಿಂದ ಸಂಜೆ 6. ದೇಶದ ಕಾನೂನು ಹೊತ್ತಿನ ಕಟ್ಟು ಬಿಚ್ಚಿದ್ದು 2012ರಲ್ಲಿ.

1837ರ ಜುಲೈ 1ರಿಂದ ಹೊಸ ನಮೂನೆ ಬಂತು. ಹೆಸರು, ವಯಸ್ಸು, ಕಸುಬು, ಊರು, ಅಪ್ಪನ ಹೆಸರು, ಅಪ್ಪನ ಕಸುಬು. ಅಪ್ಪ ಯಾರೆಂದು ಹೇಳಲಾಗದವರ ನಮೂದಿನಲ್ಲಿ ಆ ಜಾಗಕ್ಕೆ ಒಂದು ಗೀಟು. ಮಾನಕ್ಕೆ ಹೆದರಿ ಹೆಸರು ಕಟ್ಟಿ ಬರೆಸಿದವರೂ ಉಂಟು. ಅಮ್ಮ? ಅವಳಿಗೆ ಜಾಗವೇ ಇರಲಿಲ್ಲ. ವಿಕ್ಟೋರಿಯಾ ಪಟ್ಟಕ್ಕೆ ಬಂದ ವರ್ಷದ ಈ ಲೋಪ ಇನ್ನೊಬ್ಬ ರಾಣಿ ಅರವತ್ತೊಂಬತ್ತು ವರ್ಷ ಆಳುವ ಹೊತ್ತಿಗೂ ಹಾಗೇ ಇತ್ತು. ತಾಯಿಯ ಹೆಸರು ಸೇರಿದ್ದು 2021ರ ಮೇ 4ರಂದು. ಹೆತ್ತವಳ ಹೆಸರು ಒಂದು ಕಾಲಮ್ಮಿಗೆ ಬರಲು 184 ವರ್ಷ ಬೇಕಾಯಿತು ಎಂದರೆ ನಾಚಿಕೆಗೇಡು.

ಅದೇ ದಿನ ಚರ್ಚುಗಳ ಮದುವೆ ಪುಸ್ತಕಕ್ಕಿದ್ದ ಕಾನೂನಿನ ಮಾನ್ಯತೆಯೂ ಮುಗಿಯಿತು. ಈಗ ಪಾದ್ರಿ ಒಂದು ಹಾಳೆಯ ದಾಖಲೆಗೆ ರುಜು ಹಾಕಿಸಿ ನೋಂದಣಿ ಕಚೇರಿಗೆ ಕಳಿಸುತ್ತಾನೆ, ಅಲ್ಲಿ ಅದು ಕಂಪ್ಯೂಟರಿಗೆ ಸೇರುತ್ತದೆ. ಮದುವೆಗಳೇ ಅಪರೂಪವಾದ ಸಣ್ಣ ಹಳ್ಳಿಗಳಲ್ಲಿ 1837ರಲ್ಲಿ ಕೊಟ್ಟ ಮೊದಲ ಪುಸ್ತಕವೇ ಇನ್ನೂ ತುಂಬಿರಲಿಲ್ಲ. ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು ಮುಚ್ಚಿದರು.

ನಮ್ಮ ಕಡೆಯ ಎಳೆಯೂ ಒಂದಿದೆ. ಕಂಪನಿ ಕಾಲದಿಂದ ಇಲ್ಲಿನ ಇಂಗ್ಲಿಷ್ ಚರ್ಚುಗಳ ಮದುವೆಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು. ಬೆಂಗಳೂರು ದಂಡು, ಬಳ್ಳಾರಿಯ ಸಿಪಾಯಿ ಮದುವೆಗಳು ಮದರಾಸಿನ ಕಟ್ಟಿನಲ್ಲಿ, ಬೆಳಗಾವಿ ಧಾರವಾಡದವು ಬೊಂಬಾಯಿಯ ಕಟ್ಟಿನಲ್ಲಿ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಂಗ್ಲೆಂಡಿನ ಹಳ್ಳಿಯಲ್ಲಿ ಹುಟ್ಟಿದ ಎಷ್ಟೋ ಗಂಡುಗಳ ಮದುವೆ ಊರಿನ ಪುಸ್ತಕದಲ್ಲಿ ಸಿಗದೆ ಬಳ್ಳಾರಿಯಲ್ಲಿ ಸಿಗುವುದು ಇದರಿಂದಲೇ.

ಇಂಗ್ಲೆಂಡಿಗೆ ಹೋದಾಗ ಇವನ್ನು ನೋಡುವ ಮನಸ್ಸಿದ್ದರೆ ಹಳ್ಳಿಯ ಚರ್ಚಿನ ಬಾಗಿಲು ಬಡಿಯಬೇಡಿ. ನೂರು ವರ್ಷ ದಾಟಿದ ಪುಸ್ತಕಗಳು 1979ರಿಂದೀಚೆಗೆ ಬಹುಮಟ್ಟಿಗೆ ಕೌಂಟಿಯ ದಾಖಲೆ ಭಂಡಾರ ಸೇರಿವೆ. ಒಳಗೆ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಒಯ್ಯಿರಿ. ಮನೆಯಲ್ಲೇ ಕೂತು ನೋಡುವುದಾದರೆ ಸ್ವಯಂಸೇವಕರು ನಮೂದು ನಮೂದಾಗಿ ನಕಲು ಮಾಡಿ ಕಟ್ಟಿದ ಫ್ರೀರೆಗ್ ಜಾಲತಾಣವಿದೆ. ಕಾಸು ಕೊಡಬೇಕಿಲ್ಲ.